ಸಮ್ಮೋಹನವೂ ನಮ್ಮ ಮನೆಯ ಒಡವೆ ಡಬ್ಬಿಯೂ

ಸಮ್ಮೋಹನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಜಾದೂಗಾರನ ನೆನಪಾಗುತ್ತದೆ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸೋಮವಾರಪೇಟೆಗೆ ಅಂಥವನೊಬ್ಬ ಬಂದು, ನಮ್ಮ ತರಗತಿಯ ಹುಡುಗನೊಬ್ಬನನ್ನು ವೇದಿಕೆಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಹಸಿ ಈರುಳ್ಳಿಯನ್ನು ಸೇಬೆಂದು ನಂಬಿಸಿ ತಿನ್ನಿಸಿದ್ದ. ಜನ ಬಿದ್ದು ಬಿದ್ದು ನಕ್ಕರು. ಮರುದಿನ ನಾವು ಆ ಹುಡುಗನನ್ನು ಸುತ್ತುವರಿದು ಕೇಳಿದಾಗ ಅವನು, "ಈರುಳ್ಳಿಯೆಂದು ಗೊತ್ತಿತ್ತು ಕಣ್ರೋ. ಆದರೆ ಅವನು ಸೇಬೆಂದಾಗ ಸೇಬಿನ ಹಾಗೆಯೇ ಇತ್ತು" ಎಂದ. ಆ ಮಾತಿನಲ್ಲಿ ಎಷ್ಟು ಶಾಸ್ತ್ರ ಅಡಗಿತ್ತೆಂದು ತಿಳಿಯಲು ನನಗೆ ಐವತ್ತು ವರ್ಷಗಳೇ ಬೇಕಾದವು. ಅದೂ ಒಬ್ಬ ಬಡವನಿಗೆ ಅನ್ಯಾಯ ಮಾಡಿದ ಬಳಿಕ.

ನಮ್ಮದು ಮಾದಾಪುರದ ಕಡೆಯ ಒಂದು ಸಣ್ಣ ತೋಟ. ಆರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಒಂದು ತುಂಡು ಗದ್ದೆ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅವ್ವ, ನಮ್ಮ ಮನೆಯಾಕೆ ಮತ್ತು ನಾನು ಅಲ್ಲಿಯೇ ವಾಸವಾಗಿದ್ದೆವು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗು ಕಂಡ ಮಳೆಯನ್ನು ಓದುಗರು ಮರೆತಿರಲಾರರು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಹೆಸರುಗಳು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದವು. ಆಗಸ್ಟ್ 16ರ ಮಧ್ಯಾಹ್ನ ನಮ್ಮ ಮನೆಯ ಹಿಂದಿನ ಬರೆಯಲ್ಲಿ ಬಿರುಕು ಕಾಣಿಸಿತು. ಸಂಜೆಯ ಹೊತ್ತಿಗೆ ಅಲ್ಲಲ್ಲಿ ಜಲ ಒಡೆದು ಕೆಸರು ನೀರು ಹರಿಯತೊಡಗಿತು. ರಾತ್ರಿ ಹನ್ನೊಂದರ ಸುಮಾರಿಗೆ ನೆರೆಮನೆಯ ಇಬ್ಬರು ಹುಡುಗರು ಜೀಪು ತಂದು, ಅವ್ವನನ್ನು ಕುರ್ಚಿಯ ಸಮೇತ ಎತ್ತಿ ಕೂರಿಸಿ, ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ನಮ್ಮನ್ನು ಪರಿಹಾರ ಕೇಂದ್ರಕ್ಕೆ ಸಾಗಿಸಿದರು. ಬೆಳಗಾಗುವಷ್ಟರಲ್ಲಿ ಅಡುಗೆಮನೆ ಮತ್ತು ಉಗ್ರಾಣದ ಮೇಲೆ ಗುಡ್ಡ ಕುಳಿತಿತ್ತು.

ಜೀವ ಉಳಿಯಿತು. ಒಂದು ತಗಡಿನ ಡಬ್ಬಿ ಮಾತ್ರ ಕಾಣೆಯಾಯಿತು. ಅದರಲ್ಲಿ ಅವ್ವನ ಕಾಸಿನ ಸರ, ನಾಲ್ಕು ಬಳೆ, ಲಿಂಗೈಕ್ಯರಾದ ನಮ್ಮ ಅಪ್ಪನ ಬೆಳ್ಳಿಯ ಕರಡಿಗೆ ಇದ್ದವು. ಅವ್ವ ಸರದ ಬಗೆಗೆ ಒಂದು ದಿನವೂ ಕೇಳಲಿಲ್ಲ. "ನಿಮ್ಮಪ್ಪನ ಕರಡಿಗೆ ಎಲ್ಲಿಟ್ಟೆಯೋ ಮಗಾ" ಎಂದು ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದಳು. ಉಗ್ರಾಣದ ಬೀರುವಿನಿಂದ ಡಬ್ಬಿಯನ್ನು ತೆಗೆದದ್ದು ನನಗೆ ನೆನಪಿತ್ತು. ಜಗುಲಿಯ ತನಕ ತಂದದ್ದೂ ನೆನಪಿತ್ತು. ಅಲ್ಲಿಂದ ಮುಂದೆ ಏನಾಯಿತೆಂಬುದು ಸ್ಲೇಟನ್ನು ಒರೆಸಿದ ಹಾಗೆ ಅಳಿಸಿಹೋಗಿತ್ತು.

ಇನ್ನೊಂದು ತೊಂದರೆಯೂ ಅಂಟಿಕೊಂಡಿತು. ಶೀಟಿನ ಮಾಡಿನ ಮೇಲೆ ಮಳೆಯ ಹನಿ ಬಿದ್ದ ಸದ್ದಾದರೆ ಸಾಕು, ಎದೆ ಡವಗುಟ್ಟಿ ಎದ್ದು ಕೂರುತ್ತಿದ್ದೆ. ಟಾರ್ಚು ಹಿಡಿದು ಹೊರಗೆ ಹೋಗಿ ಬರೆಯನ್ನು ನೋಡಿ ಬರದೆ ಸಮಾಧಾನವಾಗುತ್ತಿರಲಿಲ್ಲ. ಆಗ ನಾವಿದ್ದದ್ದು ಬಯಲಿನಲ್ಲಿದ್ದ ಬಾಡಿಗೆ ಮನೆಯಲ್ಲಿ. ಅಲ್ಲಿ ನೋಡಲು ಬರೆಯೇ ಇರಲಿಲ್ಲ!

ಈ ಸ್ಥಿತಿಯಲ್ಲಿ ಬಂಧುವೊಬ್ಬರು ಜಿಲ್ಲೆಯ ಹೊರಗಿನ ಒಂದು ಪಟ್ಟಣದಲ್ಲಿದ್ದ ಸಮ್ಮೋಹನ ತಜ್ಞನೊಬ್ಬನ ವಿಚಾರ ತಿಳಿಸಿದರು. ಮರೆತುಹೋದದ್ದನ್ನು ಸುಪ್ತ ಮನಸ್ಸಿನಿಂದ ಹೊರಗೆ ತೆಗೆದು ಕೊಡುತ್ತಾನೆಂಬ ಪ್ರತೀತಿ ಆತನಿಗಿತ್ತು. ಹೋದೆ. ಒರಗು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ನೋಡುತ್ತಿರುವಂತೆ ಹೇಳಿ, ಹತ್ತರಿಂದ ಒಂದರವರೆಗೆ ನಿಧಾನವಾಗಿ ಎಣಿಸಿದ. ರೆಪ್ಪೆಗಳು ಭಾರವಾದವು. ದೇಹ ಹತ್ತಿಯಂತಾಯಿತು. ಆದರೆ ಹೊರಗೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು, ನಾನೆಲ್ಲಿರುವೆನೆಂಬ ಅರಿವೂ ಇತ್ತು. ಅವುಗಳ ಕಡೆಗೆ ಗಮನ ಕೊಡಬೇಕೆನಿಸುತ್ತಿರಲಿಲ್ಲ, ಅಷ್ಟೆ. ಆಗ ಆತ, "ನಿಮ್ಮ ಮನಸ್ಸು ಕ್ಯಾಮೆರಾ ಇದ್ದಂತೆ. ಎಲ್ಲವೂ ಅದರಲ್ಲಿ ದಾಖಲಾಗಿದೆ. ಆ ರಾತ್ರಿಯನ್ನು ಸಿನಿಮಾದಂತೆ ನೋಡಿ. ಡಬ್ಬಿ ಯಾರ ಕೈಯಲ್ಲಿದೆ?" ಎಂದು ಕೇಳಿದ.

ಕಂಡಿತು. ಟಾರ್ಚಿನ ಬೆಳಕು, ಗೋಣಿಯ ಕೊಪ್ಪೆ ಹೊದ್ದ ನಮ್ಮ ತೋಟದ ಮೇಸ್ತ್ರಿ, ಕೊಪ್ಪೆಯ ಅಂಚಿನಿಂದ ತೊಟ್ಟಿಕ್ಕುವ ನೀರು, ಬಗ್ಗಿ ಡಬ್ಬಿಯನ್ನೆತ್ತಿ ತನ್ನ ಗಂಟಿನ ಅಡಿಗೆ ಇಟ್ಟುಕೊಂಡ ಆತನ ಕೈ. ಆ ಕೈಯ ಉಗುರಿನ ಕೆಸರು ಸಹ ಕಂಡಿತು. ಎಚ್ಚರವಾದಾಗ ಕಣ್ಣಲ್ಲಿ ನೀರಿತ್ತು. ಇಪ್ಪತ್ತೆರಡು ವರ್ಷ ನಮ್ಮ ಲೈನ್ ಮನೆಯಲ್ಲಿದ್ದವನು!

ನಾನು ಪೊಲೀಸರಿಗೆ ದೂರು ಕೊಡಲಿಲ್ಲ. ಆದರೆ ಕಾಫಿ ಕಣದಲ್ಲಿ ನಾಲ್ಕು ಜನರ ಎದುರಿಗೆ, "ಡಬ್ಬಿ ಎಲ್ಲಿಟ್ಟೆಯಪ್ಪಾ?" ಎಂದು ಕೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ನೀವು ಕಂಡಿರಾ ಮೇಷ್ಟ್ರೇ?" ಎಂದ. "ಕಂಡೆ" ಎಂದೆ. ಆತ ಬೇರೇನೂ ಹೇಳದೆ ಹೊರಟುಹೋದ. ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾಗದವನ್ನು ತಂದು ನಮ್ಮ ಮನೆಯಾಕೆಯ ಕೈಗೆ ಕೊಟ್ಟ. ಅದು ಆತನ ಮೊಮ್ಮಗಳ ಜನನದ ಪ್ರಮಾಣಪತ್ರ. ಮಗು ಹುಟ್ಟಿದ್ದು ಆಗಸ್ಟ್ 17ರ ಬೆಳಗಿನ ಜಾವ, ಸೋಮವಾರಪೇಟೆಯಲ್ಲಿ. ಹದಿನಾರರ ಸಂಜೆ ನಾಲ್ಕಕ್ಕೇ ಮಗಳಿಗೆ ನೋವು ಕಾಣಿಸಿಕೊಂಡು, ಆತ ಅವಳನ್ನು ಕರೆದುಕೊಂಡು ಹೋಗಿದ್ದ. ಹಿಂದೆಯೇ ರಸ್ತೆಗೆ ಮರಗಳು ಉರುಳಿ, ಮೂರು ದಿನ ಮರಳಿ ಬರಲಾಗಿರಲಿಲ್ಲ. ನಾವು ಮನೆ ಬಿಟ್ಟ ಹೊತ್ತಿನಲ್ಲಿ ಆತ ಆಸ್ಪತ್ರೆಯ ಹೊರಗೆ ಕುಳಿತಿದ್ದ. ಕೊಪ್ಪೆ ಹೊದ್ದು ನಮ್ಮ ಜಗುಲಿಯಲ್ಲಿ ಮೂಟೆಗಳನ್ನು ಅಟ್ಟಕ್ಕೇರಿಸಿದ್ದು ನಿಜ. ಆದರೆ ಅದು ಅದೇ ದಿನದ ಮಧ್ಯಾಹ್ನ. ನನ್ನ ಮನಸ್ಸು ಮಧ್ಯಾಹ್ನದ ಮನುಷ್ಯನನ್ನು ಎತ್ತಿ ರಾತ್ರಿಯೊಳಗೆ ನಿಲ್ಲಿಸಿತ್ತು.

ಕ್ಷಮೆ ಕೇಳಿದೆ. ಆತ "ಇರಲಿ ಬಿಡಿ" ಎಂದ. ಮುಂದಿನ ತಿಂಗಳು ಲೈನ್ ಮನೆ ಖಾಲಿ ಮಾಡಿ ಬೇರೆ ತೋಟಕ್ಕೆ ಹೋದ.

ಇಷ್ಟಾದ ಮೇಲೆ ನಿದ್ರೆ ಸಂಪೂರ್ಣವಾಗಿ ಕೆಟ್ಟಿತು. ಮಗ ಬೆಂಗಳೂರಿನಿಂದ ಬಂದು ಮೈಸೂರಿನ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ದ. ಮನೋವೈದ್ಯರೆಂದರೆ ಹಿಂಜರಿಯುವವರು ನಮ್ಮವರಲ್ಲಿ ಇನ್ನೂ ಇದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ರಾಶಿಯವರೆಂದು ಪ್ರಸಿದ್ಧರಾದ, 'ಕೊರವಂಜಿ'ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಮನೋರೋಗದ ವಿಚಾರವನ್ನು ಕನ್ನಡದಲ್ಲಿ ಅಷ್ಟು ಹಿಂದೆಯೇ ಓದಬಹುದಾಗಿದ್ದ ನಾವು, ತಲೆನೋವಿನ ಮಾತ್ರೆಯನ್ನು ನುಂಗುವಷ್ಟು ಸಹಜವಾಗಿ ಮನಸ್ಸಿನ ನೋವನ್ನು ಹೇಳಿಕೊಳ್ಳಲು ಕಲಿಯಲಿಲ್ಲ.

ವೈದ್ಯರು ನನ್ನ ಕಥೆಯನ್ನೆಲ್ಲ ಕೇಳಿ, "ಮಳೆಯ ಭಯಕ್ಕೆ ಸಮ್ಮೋಹನವನ್ನು ಬಳಸಬಹುದು. ಡಬ್ಬಿಗೆ ಮಾತ್ರ ಕೂಡದು ಮೇಷ್ಟ್ರೇ" ಎಂದರು. ಏಕೆಂದು ಕೇಳಿದೆ. ಅವರು ಹೇಳಿದ್ದು, ಆ ಮೇಲೆ ನಾನು ಓದಿ ತಿಳಿದುಕೊಂಡದ್ದು ಎರಡನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ವಿಯೆನ್ನಾದಲ್ಲಿ ವೈದ್ಯನಾಗಿದ್ದ ಫ್ರಾಂಜ್ ಆಂಟನ್ ಮೆಸ್ಮರ್ ಎಂಬಾತ, ಜೀವಿಗಳಲ್ಲಿ ಒಂದು ಬಗೆಯ ಅಯಸ್ಕಾಂತ ದ್ರವ ಹರಿಯುತ್ತದೆಂದೂ ತಾನು ಅದನ್ನು ಸರಿಪಡಿಸಿ ರೋಗ ವಾಸಿ ಮಾಡುವೆನೆಂದೂ ಹೇಳಿ ಪ್ಯಾರಿಸ್ಸಿನಲ್ಲಿ ಹೆಸರುವಾಸಿಯಾದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿಯೊಂದು ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಅದರ ಸದಸ್ಯರು. ದ್ರವ ಯಾವುದೂ ಇಲ್ಲ, ನಡೆಯುವುದೆಲ್ಲ ರೋಗಿಯ ಕಲ್ಪನೆಯಿಂದ ಎಂದು ಅವರು ತೀರ್ಮಾನಿಸಿದರು. ಕಲ್ಪನೆಯೇ ಇಷ್ಟು ಕೆಲಸ ಮಾಡುವುದಾದರೆ ಅದನ್ನಾದರೂ ಅಭ್ಯಸಿಸಬೇಡವೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಮೊದಲಿಗನು ನಮ್ಮ ನೆರೆಯ ಗೋವೆಯವನೆಂಬುದು ನನಗೆ ಹೆಮ್ಮೆಯ ಸಂಗತಿಯಾಗಿ ಕಂಡಿತು. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ ಅಬೆ ಫಾರಿಯಾ, ಶಕ್ತಿ ಇರುವುದು ಸಮ್ಮೋಹನಕಾರನ ಕೈಯಲ್ಲಲ್ಲ, ಒಳಗಾಗುವವನ ಮನಸ್ಸಿನಲ್ಲಿ ಎಂದು ಪ್ಯಾರಿಸ್ಸಿನಲ್ಲಿ ಸಾರಿದ. ಪಣಜಿಗೆ ಹೋದವರು ಆತನ ಪ್ರತಿಮೆಯನ್ನು ನೋಡಿರಬಹುದು. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದವನು ಮ್ಯಾಂಚೆಸ್ಟರಿನಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಬ್ರೇಯ್ಡ್. 1843ರಲ್ಲಿ ಪುಸ್ತಕ ಬರೆದ ಆತ ನಿದ್ರೆಯೆಂಬ ಅರ್ಥದ ಗ್ರೀಕ್ ಮಾತಿನಿಂದ ಆ ಹೆಸರನ್ನು ಪಡೆದ. ಇದು ನಿದ್ರೆಯಲ್ಲ, ಮನಸ್ಸು ಒಂದೇ ಭಾವನೆಯ ಮೇಲೆ ನಿಲ್ಲುವ ಸ್ಥಿತಿ ಎಂದು ಮುಂದೆ ಆತನಿಗೇ ತೋರಿ, ಹೆಸರನ್ನು ಬದಲಿಸಲು ಯತ್ನಿಸಿದ. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ನಮ್ಮ ದೇಶದಲ್ಲಿಯೇ ಇದರ ಒಂದು ದೊಡ್ಡ ಪ್ರಯೋಗ ನಡೆದಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ, ಅರಿವಳಿಕೆಯ ಔಷಧಿ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, ರೋಗಿಗಳನ್ನು ಈ ಸ್ಥಿತಿಗೆ ತಂದು ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದ. ಮರುವರ್ಷ ಕಲ್ಕತ್ತೆಯಲ್ಲಿ ಅದಕ್ಕೆಂದೇ ಆಸ್ಪತ್ರೆಯೊಂದು ತೆರೆಯಿತು. ಈಥರ್, ಕ್ಲೋರೋಫಾರಂಗಳು ಬಂದೊಡನೆ ಈ ವಿದ್ಯೆ ಹಿಂದೆ ಸರಿಯಿತು. ಆದರೆ ಪೂರ್ತಿ ಅಳಿಯಲಿಲ್ಲ. ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ 1992ರಿಂದ, ಥೈರಾಯ್ಡ್ ಗ್ರಂಥಿಯ ಶಸ್ತ್ರಕ್ರಿಯೆಯನ್ನು ಸಹ, ಸ್ಥಳೀಯ ಅರಿವಳಿಕೆ ಮತ್ತು ಅಲ್ಪ ಔಷಧಿಯೊಡನೆ ಸಮ್ಮೋಹನವನ್ನು ಕೂಡಿಸಿ ನಡೆಸುತ್ತ ಬಂದಿದ್ದಾರೆ.

ಮಿದುಳಿನಲ್ಲಿ ಆಗ ಏನು ನಡೆಯುತ್ತದೆ? ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದರೆ ಅವು ಎಚ್ಚರದ ತರಂಗಗಳನ್ನೇ ಹೋಲುತ್ತವೆ, ಗಾಢನಿದ್ರೆಯವನ್ನಲ್ಲ. 1997ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಒಂದು ಪರೀಕ್ಷೆ ಮಾಡಿದರು. ಸಮ್ಮೋಹನಕ್ಕೊಳಗಾದವರ ಕೈಯನ್ನು ಸುಡುವಷ್ಟು ಬಿಸಿ ನೀರಿನಲ್ಲಿ ಅದ್ದಿಸಿ, ಒಮ್ಮೆ "ಇದರ ಯಾತನೆ ಹೆಚ್ಚುತ್ತಿದೆ" ಎಂದರು, ಇನ್ನೊಮ್ಮೆ "ಕಡಿಮೆಯಾಗುತ್ತಿದೆ" ಎಂದರು. ನೀರು ಅದೇ, ಬಿಸಿಯೂ ಅದೇ. ಬಿಸಿಯ ಸಮಾಚಾರವನ್ನು ಬರಮಾಡಿಕೊಳ್ಳುವ ಮಿದುಳಿನ ಭಾಗದಲ್ಲಿ ಅಷ್ಟೇನೂ ವ್ಯತ್ಯಾಸವಾಗಲಿಲ್ಲ. ಆದರೆ ನೋವು ಎಷ್ಟು ಅಸಹನೀಯವೆಂಬ ಭಾವಕ್ಕೆ ಸಂಬಂಧಿಸಿದ, ಹಣೆಯ ಹಿಂದೆ ಒಳಮಗ್ಗುಲಲ್ಲಿರುವ ಒಂದು ಭಾಗ, ಮಾತಿಗೆ ತಕ್ಕಂತೆ ಏರಿ ಇಳಿಯಿತು. ನೋವು ಬರುತ್ತದೆ, ಆದರೆ ಪೀಡಿಸುವುದಿಲ್ಲವೆಂದು ಎಸ್ಡೇಲನ ರೋಗಿಗಳ ಬಗೆಗೂ ಊಹಿಸಬಹುದಲ್ಲವೇ?

ನನ್ನ ಪಾಲಿಗೆ ಇದಕ್ಕಿಂತ ಮುಖ್ಯವಾದದ್ದು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ. ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವವರಿಗೆ ಬಣ್ಣವಿಲ್ಲದ ಬೂದು ಚಿತ್ರವನ್ನು ತೋರಿಸಿ, ಅದರಲ್ಲಿ ಬಣ್ಣಗಳನ್ನು ನೋಡಿರೆಂದು ಹೇಳಿದಾಗ, ಮಿದುಳಿನಲ್ಲಿ ಬಣ್ಣವನ್ನು ಗ್ರಹಿಸುವ ಭಾಗಗಳು ಕೆಲಸಕ್ಕೆ ತೊಡಗಿದವು. ಬಣ್ಣ ಎದುರಿಗೆ ಇಲ್ಲ. ಕಾಣುವ ಯಂತ್ರ ಮಾತ್ರ ನಡೆಯುತ್ತಿದೆ. ಈರುಳ್ಳಿ ತಿಂದ ನಮ್ಮ ಗೆಳೆಯ ಸುಳ್ಳು ಹೇಳಿರಲಿಲ್ಲ. ನಾನೂ ಕಾಫಿ ಕಣದಲ್ಲಿ "ಕಂಡೆ" ಎಂದಾಗ ಸುಳ್ಳು ಹೇಳಿರಲಿಲ್ಲ. ನೋಡಿದ್ದೂ ಊಹಿಸಿದ್ದೂ ಮಿದುಳಿನಲ್ಲಿ ಬಹುಮಟ್ಟಿಗೆ ಒಂದೇ ಕೋಣೆಯಲ್ಲಿ ಬಂದು ಕೂರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಬಾಗಿಲಲ್ಲಿ ನಿಂತು, ಇದು ಹೊರಗಿನಿಂದ ಬಂದದ್ದು, ಇದು ಒಳಗೇ ಹುಟ್ಟಿದ್ದು ಎಂದು ವಿಂಗಡಿಸುವ ಕಾವಲುಗಾರನೊಬ್ಬನಿರುತ್ತಾನೆ. ಚಿತ್ರ ಸ್ಪಷ್ಟವಾಗಿದ್ದು ಸರಾಗವಾಗಿ ಬಂದರೆ ಅವನು ಅದನ್ನು ಹೊರಗಿನದೆಂದೇ ತಿಳಿಯುತ್ತಾನೆ. ಸಮ್ಮೋಹನದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ, ಕಾವಲುಗಾರ ತೂಕಡಿಸುತ್ತಾನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 57 ಜನರ ಮಿದುಳನ್ನು ಸ್ಕ್ಯಾನ್ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯೂ ಇದಕ್ಕೆ ಹೊಂದುತ್ತದೆ. ಸುಲಭವಾಗಿ ಸಮ್ಮೋಹನಕ್ಕೊಳಗಾಗುವವರಲ್ಲಿ, ಗಮನ ಎತ್ತೆತ್ತ ಹರಿಯಬೇಕೆಂದು ನೋಡಿಕೊಳ್ಳುವ ಭಾಗದ ಚಟುವಟಿಕೆ ಇಳಿಯುತ್ತದೆ. ಮಾಡುವ ಕೆಲಸಕ್ಕೂ ಮಾಡುತ್ತಿರುವವನು ನಾನೆಂಬ ಅರಿವಿಗೂ ಇರುವ ಕೊಂಡಿ ಸಡಿಲಾಗುತ್ತದೆ.

ಎಲ್ಲರೂ ಒಂದೇ ಪ್ರಮಾಣದಲ್ಲಿ ಇದಕ್ಕೆ ಒಳಗಾಗುವುದಿಲ್ಲ. ನೂರರಲ್ಲಿ ಹತ್ತು-ಹದಿನೈದು ಜನ ಬಹು ಬೇಗ ಒಳಗಾಗುತ್ತಾರೆ, ಸುಮಾರು ಅಷ್ಟೇ ಜನ ಒಳಗಾಗುವುದೇ ಕಷ್ಟ, ಉಳಿದವರು ನಡುವೆ. ವೈದ್ಯರು ಪರೀಕ್ಷಿಸಿ, ನಾನು ಮೊದಲ ಗುಂಪಿನವನೆಂದರು. ದಡ್ಡರು ಮಾತ್ರ ಮರುಳಾಗುತ್ತಾರೆಂಬ ಮಾತು ತಪ್ಪೆಂದು ಕೇಳಿ ನನಗೆ ಕೊಂಚ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ನೆನಪಿನ ವಿಷಯದಲ್ಲಿ ಇದು ಎಷ್ಟು ಅಪಾಯಕರವೆಂಬುದನ್ನು ತೋರಿಸಿದ ಪರೀಕ್ಷೆ 1983ರದು. ಇದೂ ಕೆನಡಾದಲ್ಲಿಯೇ ನಡೆಯಿತು. ಸುಲಭವಾಗಿ ಒಳಗಾಗುವ ಕೆಲವರನ್ನು ಸಮ್ಮೋಹನಗೊಳಿಸಿ, ಕಳೆದ ವಾರದ ಒಂದು ರಾತ್ರಿಯ ಕಡೆಗೆ ಕರೆದೊಯ್ದು, "ಏನೋ ದೊಡ್ಡ ಸದ್ದಾಗಿ ನಿಮಗೆ ಎಚ್ಚರವಾಯಿತೇ?" ಎಂದು ಸೂಚಿಸಿದರು. ಅಂಥ ಸದ್ದೇನೂ ಆಗಿರಲಿಲ್ಲ. ಆದರೂ ಸುಮಾರು ಅರ್ಧದಷ್ಟು ಜನ ಆಮೇಲೆ ಸದ್ದು ಕೇಳಿದ್ದು ನಿಜವೆಂದರು. ಸೂಚನೆಯಿಂದ ಬಂದದ್ದೆಂದು ತಿಳಿಸಿದ ಮೇಲೂ ಕೆಲವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ. "ಡಬ್ಬಿ ಯಾರ ಕೈಯಲ್ಲಿದೆ?" ಎಂಬ ಪ್ರಶ್ನೆಯೊಳಗೇ ಒಬ್ಬ ಕಳ್ಳನಿದ್ದ. ನಾನು ಅವನಿಗೊಂದು ಮುಖ ಕೊಟ್ಟೆ. ಯಾರ ಮುಖ? ಆ ದಿನ ಕಣ್ಣಿಗೆ ಕಂಡವರಲ್ಲಿ ಶಂಕಿಸಲು ಸುಲಭನಾದವನ ಮುಖ. ಜೀಪು ತಂದ ಹುಡುಗರ ಮುಖ ನನ್ನ ಸಿನಿಮಾದಲ್ಲಿ ಏಕೆ ಬರಲಿಲ್ಲವೆಂಬುದನ್ನು ಯಾವ ಸ್ಕ್ಯಾನಿಂಗೂ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಔಷಧಿ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತನಾಡಿಸುವ ನಾರ್ಕೋ ಪರೀಕ್ಷೆಗಳಿಗೆ ಒಂದು ಕಾಲದಲ್ಲಿ ಬೆಂಗಳೂರು ಹೆಸರಾಗಿತ್ತು. ಅದು ಸಮ್ಮೋಹನವಲ್ಲವಾದರೂ, ಕಾವಲುಗಾರನನ್ನು ಮಲಗಿಸಿದರೆ ಸತ್ಯ ತಾನಾಗಿ ಹೊರಬರುತ್ತದೆಂಬ ನಂಬಿಕೆ ಎರಡಕ್ಕೂ ಸಮಾನ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ನಾರ್ಕೋ, ಸುಳ್ಳು ಪತ್ತೆ ಅಥವಾ ಬ್ರೈನ್ ಮ್ಯಾಪಿಂಗ್ ಪರೀಕ್ಷೆಗೆ ಒಳಪಡಿಸಕೂಡದೆಂದು ತೀರ್ಪು ಕೊಟ್ಟಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗದೆಂದೂ ಹೇಳಿತು. ನನ್ನ ಕಾಫಿ ಕಣದ ನ್ಯಾಯಾಲಯಕ್ಕೆ ಈ ತೀರ್ಪು ತಲುಪಿರಲಿಲ್ಲ.

ಇನ್ನು ಚಿಕಿತ್ಸೆಯ ಮಾತು. ವೈದ್ಯರು ಕೆಲವು ವಾರ ಔಷಧಿಯನ್ನೂ ಕೊಟ್ಟರು. ಸಮ್ಮೋಹನವೊಂದರಿಂದಲೇ ಎಲ್ಲವೂ ವಾಸಿಯಾಗುವುದೆನ್ನುವವರನ್ನು ನಂಬಬೇಡಿರೆಂದು ಎಚ್ಚರಿಸಿದರು. ಭ್ರಮೆಗಳು ಕಾಡುವ ಮನೋರೋಗಿಗಳಿಗೆ ಇದು ಹಾನಿಯನ್ನೂ ಮಾಡಬಹುದಂತೆ. ಆರು ಸಲ ಹೋದೆ. ಮೊದಲ ಸಲ, ಮಳೆ ಯಾವಾಗಲಾದರೂ ಹಿತವೆನಿಸಿದ್ದುಂಟೇ ಎಂದು ಕೇಳಿದರು. ಚಿಕ್ಕಂದಿನಲ್ಲಿ ಅವ್ವ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಕೊಡುತ್ತಿದ್ದುದನ್ನು ಹೇಳಿದೆ. ಕಣ್ಣು ಮುಚ್ಚಿಸಿ ಆ ಒಲೆಯ ಮುಂದೆ ನನ್ನನ್ನು ಕೂರಿಸಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲಗೆ ಒತ್ತಿ ಹಿಡಿಯಲು ಕಲಿಸಿದರು. ಆ ಮೇಲೆ ಒಂದೊಂದು ಸಲವೂ ಮಳೆಯ ಸದ್ದನ್ನು ಸ್ವಲ್ಪ ಸ್ವಲ್ಪವಾಗಿ ಜೋರು ಮಾಡಿದರು. ಮೊದಲಿಗೆ ಮಾತಿನಲ್ಲಿ, ಕೊನೆಗೆ ಟೇಪಿನಲ್ಲಿ. ನಾಲ್ಕನೆಯ ಸಲ ನಾನು ಅತ್ತೆ. ಐದನೆಯ ಸಲ ಹಲಸಿನ ಬೀಜದ ವಾಸನೆ ಬಂತು. ಮನೆಯಲ್ಲಿ ನಾನೇ ಮಾಡಿಕೊಳ್ಳುವ ಕ್ರಮವನ್ನೂ ಹೇಳಿಕೊಟ್ಟರು.

ಒಂದು ವಿಚಾರವನ್ನು ಇಲ್ಲಿ ಹೇಳಬೇಕು. ಅಂಗೈಯ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಿಸಿ ಕೂರುವುದು ನನಗೆ ಬಾಲ್ಯದಿಂದ ರೂಢಿಯಾದ್ದರಿಂದ ಚುಕ್ಕೆ ನೋಡುವುದು ಕಷ್ಟವಾಗಲಿಲ್ಲವೆಂದು ವೈದ್ಯರು ಹೇಳಿದ್ದು ನಿಜವಿರಬಹುದು. ಆದರೆ ಇದನ್ನು ಹಿಡಿದು ಪೂಜೆಯೂ ಒಂದು ಹಿಪ್ನಾಟಿಸಂ ಎನ್ನುವ ಪಂಡಿತರ ಮಾತು ನನಗೆ ಸಮ್ಮತವಲ್ಲ. ಪೂಜೆಯಲ್ಲಿ ಯಾರೂ ನನಗೆ ಏನನ್ನು ಕಾಣಬೇಕೆಂದು ಹೇಳುವುದಿಲ್ಲ. ಹಾಗೆಯೇ, ನಮ್ಮ ಕೊಡವ ನೆರೆಯವರ ಕೈಮಡದಲ್ಲಿ ತೆರೆ ಕಟ್ಟಿದವನ ಮೈಮೇಲೆ ಕಾರಣವರು ಬರುವುದನ್ನು ನಾನು ಹಲವು ರಾತ್ರಿ ಕೂತು ನೋಡಿದ್ದೇನೆ. ಅದನ್ನೂ ಒಂದೇ ಪದದಲ್ಲಿ ವಿವರಿಸಿ ಮುಗಿಸುವ ಧೈರ್ಯ ನನಗಿಲ್ಲ.

2019ರ ಆಗಸ್ಟಿನಲ್ಲಿ ಮತ್ತೆ ಮಳೆ ಜೋರಾಯಿತು. ತೋರದಲ್ಲಿ ಗುಡ್ಡ ಕುಸಿಯಿತು. ಆ ತಿಂಗಳಲ್ಲಿ ನಾನು ಟಾರ್ಚು ಹಿಡಿದು ಎದ್ದದ್ದು ಎರಡೇ ಸಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದ ಸುದ್ದಿ ಬಂದಾಗ ಒಂದು ವಾರ ಹಳೆಯ ಅವಸ್ಥೆಯೇ ಮರುಕಳಿಸಿತು. ಈಗ ಬಹುಮಟ್ಟಿಗೆ ನಿದ್ರೆ ಬರುತ್ತದೆ.

ಡಬ್ಬಿ ಸಿಗಲಿಲ್ಲ. ಜೆಸಿಬಿ ತಂದು ಮಣ್ಣು ತೆಗೆಸಿದಾಗ ಒಳಕಲ್ಲು, ದೋಸೆಯ ಹಂಚು, ಬೀರುವಿನ ಬಾಗಿಲು ಬಂದವು. ಅವ್ವ ಕರಡಿಗೆಯನ್ನು ಕೇಳುತ್ತಲೇ ಲಿಂಗೈಕ್ಯಳಾದಳು. ವಿಚಿತ್ರವೆಂದರೆ ಕೊಪ್ಪೆ ಹೊದ್ದ ಆ ಚಿತ್ರ ಇನ್ನೂ ಅಳಿದಿಲ್ಲ. ಸುಳ್ಳೆಂದು ಬಲ್ಲೆ. ಕಣ್ಣು ಮುಚ್ಚಿದರೆ ಉಗುರಿನ ಕೆಸರೂ ಕಾಣುತ್ತದೆ. ನಿಜವಾಗಿ ನಡೆದ ಎಷ್ಟೋ ಸಂಗತಿಗಳು ನನಗೆ ಅಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಮೇಸ್ತ್ರಿ ಬಹಳ ದಿನ ನಮ್ಮ ಕಡೆಗೆ ಸುಳಿಯಲಿಲ್ಲ. ಸಂತೆಯಲ್ಲಿ ಎದುರಾದರೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ಮೊಮ್ಮಗಳನ್ನು ಶಾಲೆಗೆ ಸೇರಿಸುವ ವರ್ಷ ಮಾತ್ರ ಒಂದು ಬೆಳಿಗ್ಗೆ ಮಗುವಿನ ಕೈ ಹಿಡಿದು ಬಂದ. "ಅರ್ಜಿ ತುಂಬಿಕೊಡಬೇಕಲ್ಲ ಮೇಷ್ಟ್ರೇ" ಎಂದ. ಮನೆಯಾಕೆ ಮಗುವಿಗೆ ಚಕ್ಕುಲಿ ಕೊಟ್ಟಳು. ನಾನು ಜಗುಲಿಯಲ್ಲಿ ಕುಳಿತು ಕನ್ನಡಕ ಹಾಕಿಕೊಂಡೆ. ಆತ ಅದೇ ಪ್ಲಾಸ್ಟಿಕ್ ಕವರಿನಿಂದ ಅದೇ ಕಾಗದವನ್ನು ತೆಗೆದು ನನ್ನ ಮುಂದಿಟ್ಟ. ಮಗುವಿನ ಹೆಸರು, ತಾಯಿಯ ಹೆಸರು ಬರೆದ ಮೇಲೆ, ಜನ್ಮದಿನಾಂಕವೆಂದಿದ್ದ ಕಡೆ 17-08-2018 ಎಂದು ಬರೆದೆ.